ಹಳೇ ಕಬ್ಬಿಣದ ಸೇತುವೆಗೆ ತೇಪೆ ಹಾಕಿದ್ದು ಯಾರು?

ತುಮಕೂರಿನ ಅಂತರಸನಹಳ್ಳಿಯ ಶೆಡ್‌ನಲ್ಲಿದ್ದೇನೆ. ನಮ್ಮೂರ ಹಳ್ಳದ ಟ್ರಸ್ ಸೇತುವೆ, ಅಂದರೆ ಕಬ್ಬಿಣದ ಪಟ್ಟಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಸೇತುವೆ, ದುರಸ್ತಿಗೆ ಇಲ್ಲಿಗೆ ಬಂದು ಇಳಿದಿದೆ. ಒಂದೊಂದು ತುಂಡಿಗೂ ನಂಬರ್ ಬರೆದು ಬಿಚ್ಚಿದ್ದು, ಲಾರಿಗೆ ಹೇರಿದ್ದು, ಎಲ್ಲ ವಿಡಿಯೋದಲ್ಲಿ ನೋಡುತ್ತಿದ್ದೀರಿ.

ಈ ಪ್ಲೇಟ್ ನೋಡಿ. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಆಂಗಲ್‌ಗಳೆಲ್ಲ, ಅಂದರೆ L ಆಕಾರದ ಕಬ್ಬಿಣದ ಪಟ್ಟಿಗಳೆಲ್ಲ, ಸೇರುವ ಜಾಗ ಇದು. ಇವನ್ನು ಹಿಡಿದಿಡುವ ಗುಂಡು ತಲೆಯ ಮೊಳೆಗಳೇ ರಿವೆಟ್. ಯಾವಾಗಲೋ ಒಂದೆರಡು ರಿವೆಟ್ ಸಡಿಲವಾಗಿವೆ. ಅದನ್ನು ಬಿಚ್ಚಿ ಸರಿ ಮಾಡುವುದು ಬಿಟ್ಟು, ಮೇಲೊಂದು ತಗಡು ಇಟ್ಟು ವೆಲ್ಡಿಂಗ್ ಮಾಡಿ, ಬಣ್ಣ ಬಳಿದು ಹೋಗಿದ್ದಾರೆ. ಮೂರು ಕಡೆ ಬೆಸುಗೆ, ಮೇಲುಗಡೆ ಮಾತ್ರ ಸಂದು. ಮಳೆ ನೀರು ಒಳಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ. ಕಬ್ಬಿಣ ತುಕ್ಕಾದರೆ ಮೊದಲಿನದ್ದಕ್ಕಿಂತ ಹಲವು ಪಟ್ಟು ಜಾಗ ಬೇಕು. ಒಳಗೇ ಊದಿ ಪ್ಲೇಟುಗಳನ್ನು ಸೀಳಿಕೊಂಡು ಬಂದಿದೆ. ಈ ರಿವೆಟ್ಟಿನ ತಲೆಯೇ ಹಾರಿಹೋಗಿದೆ. ಸಾಲದ್ದಕ್ಕೆ ಹಳೇ ಕಬ್ಬಿಣದಲ್ಲಿ ಗಂಧಕ, ರಂಜಕ ಜಾಸ್ತಿ ಇರಬಹುದು. ಪರೀಕ್ಷೆ ಮಾಡಿಸದೆ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಬಿರುಕು ಬಿಡಬಹುದು.

ರಾಮೇಶ್ವರಕ್ಕೆ ಹೋಗುವ ದಾರಿಯ ಪಾಂಬನ್‌ನ ಹಳೇ ರೈಲು ಸೇತುವೆ ಸಮುದ್ರದ ಉಪ್ಪುಗಾಳಿಯಲ್ಲಿ ನಿಂತು 1914ರಿಂದ 2022ರವರೆಗೆ ರೈಲು ಹೊತ್ತಿತು. ನಮ್ಮಲ್ಲಿ ಉಪ್ಪುಗಾಳಿ ಇಲ್ಲ. ಇದನ್ನು ಕೆಡಿಸಿದ್ದು ರಿಪೇರಿ, ಅಲ್ವಾ? ಗುಜರಿಗೆ ಹಾಕಿ ಅಂದವರಿಗೆ ಈ ಪ್ಲೇಟನ್ನೇ ತೋರಿಸಿದೆ. ಉಳಿದ ಆಂಗಲ್‌ಗಳು ಗಟ್ಟಿಯಾಗಿವೆ.

ಹಾಕಬೇಕಾದ ಹೊಸ ರಿವೆಟ್ ಇನ್ನೂ ಬೆಂಕಿಯಲ್ಲಿ ಕಾಯುತ್ತಿದೆ, ಅಲ್ಲಿಯವರೆಗೆ ಹಳ್ಳದ ಬಗ್ಗೆ ಒಂದು ಮಾತು. ಈ ಹಳ್ಳಕ್ಕೆ ನೀರು ಬರುವುದು ದೇವರಾಯನದುರ್ಗದ ಕಡೆಯಿಂದ. ಜಯಮಂಗಲಿ, ಶಿಂಷಾ ಹುಟ್ಟುವುದೂ ಆ ಬೆಟ್ಟದಲ್ಲೇ. ಅಲ್ಲಿನ ನಾಮದ ಚಿಲುಮೆಗೆ ಹೋಗಿದ್ದೀರಾ? ಬಂಡೆಯೊಳಗಿಂದ ಬರುವ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ... ಇರಿ, ಇರಿ, ಮೇಸ್ತ್ರಿ ಅಣ್ಣ ಇಕ್ಕಳ ಎತ್ತಿದರು!

ಕೆಂಪಗೆ ಕಾದಿದ್ದನ್ನು ತೂತಿಗೆ ತೂರಿಸಿ ತಲೆ ಬಡಿಯುತ್ತಾರೆ. ಆರುತ್ತಾ ಕುಗ್ಗುವಾಗ ಅದೇ ಪ್ಲೇಟುಗಳನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಎಷ್ಟು ಚೆನ್ನಾಗಿದೆ ನೋಡಿ! ಬೆಳಗ್ಗೆ ನಾನು ಎಲ್ಲಾ ಕಡೆ ರಿವೆಟ್ಟೇ ಬೇಕು ಅನ್ನುತ್ತಿದ್ದೆ. ಈಗ ಹಾಗನ್ನುವುದಿಲ್ಲ. ಸುತ್ತಿಗೆ ಆಡಿಸಲು ಜಾಗವಿಲ್ಲದ ಅಡಿಭಾಗಕ್ಕೆ ಗುಂಡು ತಲೆಯ ಹೈ ಟೆನ್ಸಿಲ್ ಬೋಲ್ಟ್, ಅಂದರೆ ಹೆಚ್ಚು ಎಳೆತ ತಡೆಯುವ ಬೋಲ್ಟ್, ಸಾಕು. ಜನರ ಕಣ್ಣಿಗೆ ಕಾಣುವ ಕಡೆ ಮಾತ್ರ ರಿವೆಟ್ಟೇ ಇರಲಿ, ಅದನ್ನು ಬಿಡುವುದಿಲ್ಲ.

ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೇ ಎಲ್ಲರೂ ಮಾಸ್ಕ್ ಹಾಕಿಕೊಂಡು ಒದ್ದೆ ಮಾಡಿ ಕೆರೆಯುತ್ತಿದ್ದಾರೆ. ಸುಮ್ನೆ ಗ್ರೈಂಡರ್ ಹಿಡಿಯಬೇಡಿ.

ಮುಂದಿನ ಭಾಗದಲ್ಲಿ ಉಳಿದ ರಿವೆಟ್‌ಗಳ ಪರೀಕ್ಷೆ. ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆ ಸುತ್ತಿಗೆಯಿಂದ ತಟ್ಟಿದರೆ, ಸಡಿಲ ಇದ್ದದ್ದು ಬೆರಳಿಗೇ ಗೊತ್ತಾಗುತ್ತದೆ. ಕ್ರೇನ್ ಬಂತು, ಜಾಗ ಬಿಡಬೇಕು.