ದೊಡ್ಡ ಹೆಲಿಕಾಪ್ಟರ್‌ಗೆ ಮೊದಲು ಬಯಲು ಹುಡುಕಿ

ಕೇಳುಗರಿಗೆಲ್ಲ ನಮಸ್ಕಾರ.

ರಿಮೋಟ್ ಹಿಡಿದು ಹೆಲಿಕಾಪ್ಟರ್ ಹಾರಿಸುವವರು ನಮ್ಮ ಶಿವಮೊಗ್ಗ ಸೀಮೆಯಲ್ಲಿ ಜಾಸ್ತಿ ಇಲ್ಲ. ಇರುವವರಲ್ಲೂ ಹೆಚ್ಚಿನವರು ಇನ್ನೂ ಕಲಿಯುತ್ತಿರುವವರು. ಅಂಗೈ ಮೇಲೆ ಕೂರುವ ಆಟಿಕೆಯಿಂದ ಶುರು ಮಾಡುತ್ತಾರೆ. ಆಮೇಲೆ 450 ಅಂತ ಕರೆಯುವ ಅಳತೆಗೆ ಬರುತ್ತಾರೆ. ಅದನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವಷ್ಟು ಕೈ ಪಳಗಿದ ಮೇಲೆ ಕೇಳುತ್ತಾರೆ: "ಅಣ್ಣಾ, ಇನ್ನು ದೊಡ್ಡದು ತಗೊಳ್ಳಬಹುದಾ?"

ತಗೊಳ್ಳಿ. ಕಲಿಯುವವರಿಗೆ ದೊಡ್ಡದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ಯಾವ ಕಂಪನಿಯದು, ಎಷ್ಟು ದುಡ್ಡು ಅಂತ ಲೆಕ್ಕ ಹಾಕುವ ಮೊದಲು ಹಾರಿಸಲು ಜಾಗ ಎಲ್ಲಿದೆ ನೋಡಿಕೊಳ್ಳಿ. ಹೆಲಿಕಾಪ್ಟರ್ ಬೆಳೆದಷ್ಟೂ ಬಯಲೂ ಬೆಳೆಯಬೇಕು. ಮಲೆನಾಡಿನಲ್ಲಿ ಸುಲಭಕ್ಕೆ ಸಿಗದೇ ಇರುವುದು ಅದೇ ಅಲ್ವಾ?

ಮೊದಲು ಅಳತೆಯ ವಿಷಯ ಹೇಳಿಬಿಡುತ್ತೇನೆ. 450ರ ಬ್ಲೇಡು ಸುಮಾರು 325 ಮಿಲಿಮೀಟರ್ ಉದ್ದ. ತಿರುಗುವಾಗ ತುದಿಯಿಂದ ತುದಿಗೆ 70 ಸೆಂಟಿಮೀಟರ್ ಆಸುಪಾಸು. ಬ್ಯಾಟರಿ ಸೇರಿಸಿದರೂ ಒಂದು ಕಿಲೋ ಒಳಗೇ ಇರುತ್ತದೆ. 600 ಅಂದರೆ ಬ್ಲೇಡೇ 600 ಮಿಲಿಮೀಟರ್. ತುದಿಯಿಂದ ತುದಿಗೆ 1.35 ಮೀಟರ್ ಹತ್ತಿರ. ತೂಕ 3 ಕಿಲೋ ದಾಟುತ್ತದೆ. ಉದ್ದ ಎರಡು ಪಟ್ಟೂ ಆಗಲಿಲ್ಲ, ತೂಕ ಮಾತ್ರ ಮೂರು ನಾಲ್ಕು ಪಟ್ಟು ಏರಿತು. ಇವೆರಡರ ನಡುವೆ 500 ಅಂತ ಒಂದಿದೆ, 600ರ ಆಚೆ 700 ಇದೆ. ನನ್ನನ್ನು ಕೇಳಿದರೆ 450ರಿಂದ ನೇರ 600ಕ್ಕೆ ಹೋಗಿ. 500 ತಗೊಂಡವರಿಗೆ ಸ್ವಲ್ಪ ದಿನದಲ್ಲೇ 600 ಬೇಕೆನಿಸುತ್ತದೆ, ಎರಡೆರಡು ಸಲ ಖರ್ಚು. 700 ಈಗಲೇ ಬೇಡ.

ದೊಡ್ಡದು ಹಾರಿಸಲು ಯಾಕೆ ಸುಲಭ? ಬುಗುರಿ ಆಡಿದವರಿಗೆ ಗೊತ್ತು, ಸಣ್ಣ ಬುಗುರಿ ಚಡಪಡಿಸುತ್ತದೆ, ದೊಡ್ಡ ಬುಗುರಿ ನೆಟ್ಟಗೆ ನಿಲ್ಲುತ್ತದೆ. 450ರ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ಬ್ಲೇಡುಗಳು, ಸಾಮಾನ್ಯವಾಗಿ ನಿಮಿಷಕ್ಕೆ 2,500 ಸುತ್ತಿನ ಆಸುಪಾಸು ಇಲ್ಲವೇ ಅದಕ್ಕಿಂತ ಜಾಸ್ತಿ ತಿರುಗುತ್ತದೆ. 600ನ್ನು ಕಲಿಯುವವರು 1,700ರ ಸುಮಾರಿಗೆ ಇಟ್ಟುಕೊಂಡರೆ ಆರಾಮಾಗಿ ನಿಲ್ಲುತ್ತದೆ. ರಿಮೋಟಿನ ಸ್ಟಿಕ್ ಸರಿಸಿದರೆ ಚಿಕ್ಕದು ತಟ್ಟನೆ ಜಿಗಿಯುತ್ತದೆ, ದೊಡ್ಡದು ಹದವಾಗಿ ಸರಿಯುತ್ತದೆ. ಯೋಚಿಸಲು ಅರ್ಧ ಕ್ಷಣ ಸಿಗುತ್ತದೆ. ಆ ಅರ್ಧ ಕ್ಷಣವೇ ಕಲಿಯುವವರಿಗೆ ಬೇಕಾದದ್ದು.

ಅದಕ್ಕಿಂತ ದೊಡ್ಡ ಕಾರಣ ಕಣ್ಣು. ಹೆಲಿಕಾಪ್ಟರ್ ಎತ್ತ ಮುಖ ಮಾಡಿದೆ, ಎಷ್ಟು ಬಾಗಿದೆ ಅಂತ ಕಾಣದಿದ್ದರೆ ಕೈ ಎಷ್ಟು ಪಳಗಿದ್ದರೂ ಉಪಯೋಗವಿಲ್ಲ. ನಮ್ಮ ಕಡೆ ಹಿಂದುಗಡೆ ಯಾವಾಗಲೂ ಏನೋ ಇರುತ್ತದೆ. ಕಪ್ಪು ಹಸಿರಿನ ಕಾನು, ಅಡಿಕೆ ತೋಟದ ನೆರಳು, ಇಲ್ಲವೇ ಬೂದು ಬಣ್ಣದ ಮೋಡ. 450 ಮೂವತ್ತು ಮೀಟರ್ ಆಚೆ ಹೋಯಿತೆಂದರೆ ಆ ನೆರಳಿನಲ್ಲಿ ಬರೀ ಚುಕ್ಕೆ. 600 ಅಷ್ಟೇ ದೂರದಲ್ಲಿ ಮೂಗು ಬಾಲ ಎರಡನ್ನೂ ತೋರಿಸುತ್ತದೆ. ಹೊರಕವಚ ತೆಗೆದುಕೊಳ್ಳುವಾಗ ಹಸಿರು, ನೀಲಿ, ಕಪ್ಪು ಬೇಡ. ಹಳದಿ, ಕಿತ್ತಳೆ ತಗೊಳ್ಳಿ. ಚೆಂದಕ್ಕಲ್ಲ, ಕಾಣಿಸುವುದಕ್ಕೆ.

ಇಷ್ಟು ಅದರ ಒಳ್ಳೆಯ ಗುಣ. ಇನ್ನೊಂದು ಗುಣವನ್ನು ದಯವಿಟ್ಟು ಗಮನವಿಟ್ಟು ಕೇಳಿ. 1,700 ಸುತ್ತಿನಲ್ಲೇ 600ರ ಬ್ಲೇಡಿನ ತುದಿ ಗಂಟೆಗೆ 400 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. 450 ಬಡಿದರೆ ಆಳವಾದ ಗಾಯ, ಹೊಲಿಗೆ. 600, 700 ಬಡಿದರೆ ಜೀವಕ್ಕೇ ಅಪಾಯ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಹುಡುಗನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರ್ ತಾಗಿ ತೀರಿಕೊಂಡ. ಅವನು ಹೊಸಬನಲ್ಲ, ಚೆನ್ನಾಗಿ ನುರಿತವನು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಮನೆ ಅಂಗಳದಲ್ಲಿ 450 ಹಾರಿಸಿ ರೂಢಿಯಾದವರು 600ನ್ನೂ ಅಲ್ಲೇ ಎತ್ತಲು ಹೋಗಬಾರದು ಅಂತ ಹೇಳುತ್ತಿದ್ದೇನೆ.

ಹಾಗಾದರೆ ಎಲ್ಲಿ? ನಮ್ಮಲ್ಲಿ ಒಳ್ಳೆಯ ಜಾಗ ಅಂದರೆ ಕೊಯ್ಲು ಮುಗಿದು ಒಣಗಿದ ಗದ್ದೆ ಬಯಲು. ಡಿಸೆಂಬರ್ ಕೊನೆಯಿಂದ ಮೇ ತನಕ ಸಿಗುತ್ತದೆ. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ನಾಲ್ಕೈದು ಗದ್ದೆ ಒಂದೇ ಮಟ್ಟದಲ್ಲಿರುವ ಕಡೆ ನೋಡಿ. ಅಂಚಿಗೆ ಕಾಲು ಸಿಕ್ಕಿದರೆ ಇಳಿಯುವಾಗ ಮಗುಚಿಬಿಡುತ್ತದೆ. ಕೂಳೆಯ ಮೇಲೆ ನೇರ ಇಳಿಸಬೇಡಿ, ಹಳೆಯ ಪ್ಲೈವುಡ್ ಹಲಗೆಯೊಂದನ್ನು ಒಯ್ದು ಹಾಸಿಕೊಳ್ಳಿ. ವಿದ್ಯುತ್ ತಂತಿ ಎಲ್ಲಿ ಹಾದಿದೆ ಅಂತ ಸುತ್ತಲೂ ನಡೆದು ನೋಡಿ. ಅಡಿಕೆ ತೋಟಕ್ಕೆ ಅಂಟಿದ ಗದ್ದೆ ಬೇಡ. ಗಾಳಿ ತೋಟದ ತಲೆ ಹತ್ತಿ ಈಚೆಗೆ ಇಳಿಯುವಾಗ ಸುಳಿ ಸುತ್ತುತ್ತದೆ, ನೆಟ್ಟಗೆ ನಿಂತಿದ್ದ ಹೆಲಿಕಾಪ್ಟರ್ ಸುಮ್ನೆ ಕೆಳಗೆ ಜಗ್ಗಿದ ಹಾಗೆ ಆಗುತ್ತದೆ. ಹೊತ್ತೂ ಮುಖ್ಯ. ಚಳಿಗಾಲದ ಬೆಳಗ್ಗೆ ಮಂಜು, ಇಬ್ಬನಿ. ಮಧ್ಯಾಹ್ನ ಗಾಳಿ ಏಳುತ್ತದೆ. ಇಬ್ಬನಿ ಆರಿ ಗಾಳಿ ಏಳುವ ಮುಂಚಿನ ಒಂದೆರಡು ಗಂಟೆ ಇದೆಯಲ್ಲ, ಅದೇ ನಮ್ಮ ಹೊತ್ತು.

ಹೆಲಿಕಾಪ್ಟರ್ ಕೆಳಗಿಟ್ಟ ಐದು ನಿಮಿಷಕ್ಕೆ ಜನ ಸೇರುತ್ತಾರೆ. "ಇದು ಔಷಧಿ ಹೊಡೆಯೋದಾ ತಮ್ಮಾ?" ಅಂತ ಅಜ್ಜಂದಿರು ಹತ್ತಿರವೇ ಬಂದು ಬಗ್ಗಿ ನೋಡುತ್ತಾರೆ. ಔಷಧಿ ಹೊಡೆಯುವ ಡ್ರೋನು ಕೈ ಬಿಟ್ಟರೂ ಗಾಳಿಯಲ್ಲಿ ನಿಂತಿರುತ್ತದೆ, ಇದು ಹಾಗಲ್ಲ ಅಜ್ಜಾ, ಕೈ ಬಿಟ್ಟರೆ ಬೀಳುತ್ತದೆ, ಸ್ವಲ್ಪ ಹಿಂದೆ ನಿಲ್ಲಿ ಅಂತ ವಿವರಿಸಿ ಹೇಳಿದರೆ ಕೇಳುತ್ತಾರೆ. ನೋಡುವವರನ್ನು ನಿಮ್ಮ ಬೆನ್ನ ಹಿಂದೆ, ಕನಿಷ್ಠ ಮೂವತ್ತು ಮೀಟರ್ ದೂರ ನಿಲ್ಲಿಸಿ. ನೀವೂ ಹೆಲಿಕಾಪ್ಟರಿನಿಂದ ಹತ್ತು ಮೀಟರ್ ಆಚೆ ಇರಿ. ಮಕ್ಕಳನ್ನೂ ದನಕರುವನ್ನೂ ನೋಡಿಕೊಳ್ಳಲು ಜೊತೆಗೊಬ್ಬರು ಬೇಕೇ ಬೇಕು. ಒಬ್ಬರೇ ಹೋಗಿ ದೊಡ್ಡ ಹೆಲಿಕಾಪ್ಟರ್ ಹಾರಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಕಾನೂನಿನ ವಿಷಯವೂ ಇಲ್ಲೇ ಬರುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೇಲೆ 2 ಕಿಲೋ ತನಕ ಮೈಕ್ರೋ ವರ್ಗ. 2 ಕಿಲೋ ಮೇಲೆ 25 ಕಿಲೋ ತನಕ ಸ್ಮಾಲ್ ವರ್ಗ. ಮೈಕ್ರೋವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟಿನಿಂದ ವಿನಾಯಿತಿ ಇದೆ. ಸ್ಮಾಲ್ ವರ್ಗಕ್ಕೆ ಆ ವಿನಾಯಿತಿ ಇಲ್ಲ. ಅಂದರೆ 450ರಿಂದ 600ಕ್ಕೆ ಹೋದಾಗ ನೀವು ವರ್ಗವನ್ನೇ ದಾಟುತ್ತೀರಿ. ದುಡ್ಡು ಕೊಡುವ ಮೊದಲೇ ಇದನ್ನು ತಿಳಿದುಕೊಂಡು ಕಾಗದಪತ್ರ ಸರಿ ಮಾಡಿಕೊಳ್ಳಿ. ಇನ್ನೊಂದು, ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ 2023ರಿಂದ ನಮ್ಮದೇ ವಿಮಾನ ನಿಲ್ದಾಣ ಇದೆ. ಮೊದಲು ಹಾರಿಸುತ್ತಿದ್ದ ಬಯಲು ಅಂತ ಸುಮ್ನೆ ಅಲ್ಲಿಗೇ ಹೋಗಬೇಡಿ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ಬಣ್ಣದಲ್ಲಿದೆಯೋ, ಹಳದಿಯೋ, ಕೆಂಪೋ ನೋಡಿ ಆಮೇಲೆ ಗಾಡಿ ಹತ್ತಿ.

ಈಗ ಕೈಯ ವಿಷಯ. ದೊಡ್ಡದಕ್ಕೆ ಸಿದ್ಧ ಅಂತ ಯಾವಾಗ ಹೇಳಬಹುದು? ಚಿಕ್ಕದು ಬೇಜಾರಾದಾಗ ಅಲ್ಲ. ನಾಲ್ಕೂ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಲು ಬಂದಾಗ. ಬಾಲ ನಮ್ಮ ಕಡೆ ಇದ್ದಾಗ ಎಲ್ಲರೂ ನಿಲ್ಲಿಸುತ್ತಾರೆ. ಎಡ ಪಕ್ಕ, ಬಲ ಪಕ್ಕ ತೋರಿಸಿ ನಿಲ್ಲಿಸುವುದು ಸ್ವಲ್ಪ ಕಷ್ಟ. ಮೂಗು ನಮ್ಮ ಕಡೆ ತಿರುಗಿದಾಗ ನಿಜವಾದ ಪರೀಕ್ಷೆ, ಅದರ ಎಡ ನಮಗೆ ಬಲ. ತಪ್ಪು ಕಡೆ ಸ್ಟಿಕ್ ಎಳೆದರೆ ಅದು ನಮ್ಮ ಮೇಲೇ ಬರಬಹುದು. ಒಂದು ಬ್ಯಾಟರಿ ಪೂರ್ತಿ ಮೂಗು ನಮ್ಮ ಕಡೆ ಇಟ್ಟು ಗಾಬರಿಯಿಲ್ಲದೆ ನಿಲ್ಲಿಸಿದವರು 600 ತೆರೆಯಬಹುದು. ಅಲ್ಲಿಯವರೆಗೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ಹಾರಿಸಿ ಕಲಿಯುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ನಮಗೆ ಬೇರೆ ದಾರಿಯೂ ಇಲ್ಲ. ಆ ನಾಲ್ಕು ತಿಂಗಳು ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಕೂತವರ ಕೈ, ಮಳೆ ಬಿಟ್ಟ ಮೇಲೆ ನೋಡಿದರೆ ಬೇರೆಯೇ ಆಗಿರುತ್ತದೆ. ಮೋಟಾರ್ ನಿಲ್ಲಿಸಿ ಬರೀ ಬ್ಲೇಡಿನ ಓಟದಲ್ಲೇ ಇಳಿಸುವ ಆಟೋರೊಟೇಶನ್ ಕೂಡ ಅಲ್ಲೇ ಶುರು ಮಾಡಿ. ದೊಡ್ಡ ಬ್ಲೇಡು ಓಟವನ್ನು ಹೆಚ್ಚು ಹೊತ್ತು ಹಿಡಿದಿಡುವುದರಿಂದ ಆ ಇಳಿತವೂ 600ರಲ್ಲೇ ಸಲೀಸು.

ಯಂತ್ರ ಕೈಗೆ ಬಂದ ಮೇಲೆ ಮೊದಲ ವಾರ ಹಾರಾಟ ಬೇಡ, ಸ್ಕ್ರೂಡ್ರೈವರ್ ಸಾಕು. ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಒಂದೊಂದೇ ಸ್ಕ್ರೂ ಬಿಚ್ಚಿ, ಲೋಹದೊಳಗೆ ಹೋಗುವ ಸ್ಕ್ರೂಗೆ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಒಂದು ಹನಿ ಹಾಕಿ ಮತ್ತೆ ಬಿಗಿ ಮಾಡಿ. ಪ್ಲಾಸ್ಟಿಕ್‌ಗೆ ಹಾಕಬೇಡಿ, ಸೀಳುತ್ತದೆ. ಎರಡು ಬ್ಲೇಡಿನ ನಡುವೆ ಹಾಯುವ ಫೆದರಿಂಗ್ ಶಾಫ್ಟ್ ಅಂತ ಒಂದು ಉಕ್ಕಿನ ಕಡ್ಡಿ ಇದೆ. ಅದನ್ನು ಹೊರಗೆ ತೆಗೆದು ಕನ್ನಡಿಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಕೂದಲೆಳೆಯಷ್ಟು ಬಾಗಿದ್ದರೂ ಟಿಕ್ ಟಿಕ್ ಅಂತ ಕುಣಿಯುತ್ತದೆ, ಕಡ್ಡಿಗೂ ಕನ್ನಡಿಗೂ ನಡುವೆ ಬೆಳಕಿನ ಗೆರೆ ಬಂದು ಹೋಗುತ್ತದೆ. ಹಾಗಾದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬಿಸಾಡಿ ಹೊಸದು ಹಾಕಿ. ಬಿಡಿಭಾಗ ಬೆಂಗಳೂರಿನಿಂದ ಪಾರ್ಸೆಲ್ ಬರಬೇಕು, ಆದ್ದರಿಂದ ಹೆಚ್ಚು ಜನ ಹಾರಿಸುವ ಮಾಡೆಲ್ಲನ್ನೇ ಆರಿಸಿ.

1970ರ ಸುಮಾರಿಗೆ ಜರ್ಮನಿಯ ಡೀಟರ್ ಶ್ಲೂಟರ್ ಮಾದರಿ ಹೆಲಿಕಾಪ್ಟರನ್ನು ಹಿಡಿತದಲ್ಲಿಟ್ಟು ಹಾರಿಸಿ ಈ ಹವ್ಯಾಸಕ್ಕೆ ದಾರಿ ಮಾಡಿದವರು. ಆಗ ಸ್ಥಿರತೆಗೆ ರೋಟರಿನ ಜೊತೆಯಲ್ಲೇ ತಿರುಗುವ ಫ್ಲೈಬಾರ್ ಅಂತ ಒಂದು ಕಡ್ಡಿ ಇರುತ್ತಿತ್ತು. ಈಗ ಆ ಕೆಲಸವನ್ನು ಸೆನ್ಸರ್ ಇರುವ ಸಣ್ಣ ಡಬ್ಬಿ ಮಾಡುತ್ತದೆ. ಅದು ಉಲ್ಟಾ ಕೂತಿದ್ದರೆ ನೆಲ ಬಿಟ್ಟ ಕೂಡಲೇ ಮಗುಚುವುದು ಖಂಡಿತ. ಆದ್ದರಿಂದ ಮೋಟಾರ್ ತಂತಿ ಬಿಚ್ಚಿಟ್ಟು ಕೈಯಲ್ಲೇ ಪರೀಕ್ಷೆ ಮಾಡಿ. ಹೆಲಿಕಾಪ್ಟರನ್ನು ಮುಂದಕ್ಕೆ ಬಾಗಿಸಿದರೆ ಸ್ವಾಶ್‌ಪ್ಲೇಟ್, ಅಂದರೆ ರೋಟರಿನ ಕೆಳಗೆ ವಾಲಿ ಬ್ಲೇಡಿನ ಕೋನ ಬದಲಿಸುವ ತಟ್ಟೆ, ಹಿಂದಕ್ಕೆ ವಾಲಬೇಕು. ಬಲಕ್ಕೆ ಬಾಗಿಸಿದರೆ ಎಡಕ್ಕೆ. ನಾವು ಕೆಡಿಸಿದ್ದನ್ನು ಅದು ಸರಿ ಮಾಡಲು ನೋಡಬೇಕು.

ಇನ್ನು ಹೋಲ್ಡ್ ಸ್ವಿಚ್. ಮೋಟಾರನ್ನು ತಕ್ಷಣ ನಿಲ್ಲಿಸುವ ಈ ಸ್ವಿಚ್ಚನ್ನು ಬೆರಳು ಕಣ್ಣು ಮುಚ್ಚಿಕೊಂಡೇ ಹುಡುಕಬೇಕು. ಏನೋ ಸರಿಯಿಲ್ಲ ಅನ್ನಿಸಿದರೆ ಹೆಲಿಕಾಪ್ಟರ್ ಉಳಿಸುವ ಯೋಚನೆ ಬೇಡ, ಮೊದಲು ಹೋಲ್ಡ್. ಇಳಿದ ಮೇಲೂ ಹೋಲ್ಡ್ ಹಾಕಿ "ಹೋಲ್ಡ್" ಅಂತ ಜೋರಾಗಿ ಹೇಳಿ. ಬ್ಲೇಡು ಪೂರ್ತಿ ನಿಲ್ಲುವ ತನಕ ಕಾಯಿರಿ, ದೊಡ್ಡದು ನಿಲ್ಲಲು ಹೊತ್ತು ಹಿಡಿಯುತ್ತದೆ. ಆಮೇಲೆ ಹತ್ತಿರ ಹೋಗಿ.

ಬ್ಯಾಟರಿ ಬಗ್ಗೆ ಎರಡೇ ಮಾತು. 450ರದು ಸಾಮಾನ್ಯವಾಗಿ 3 ಸೆಲ್ಲು, 600ರದು 6 ಇಲ್ಲವೇ 12. ಚಾರ್ಜಿಗೆ ಹಾಕಿ ಮಲಗುವುದು, ಪೇಟೆಗೆ ಹೋಗುವುದು ಬೇಡವೇ ಬೇಡ. ಮಳೆಗಾಲಕ್ಕೆ ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟ್ ಸುಮಾರಿಗೆ ಇಳಿಸಿ, ಬೆಂಕಿ ಹತ್ತದ ಡಬ್ಬಿಯಲ್ಲಿಡಿ.

ಮೊದಲ ಹಾರಾಟಕ್ಕೆ ಟೈಮರ್ ನಾಲ್ಕು ನಿಮಿಷಕ್ಕೆ ಇಡಿ. ಬಾಲ ನಿಮ್ಮ ಕಡೆ ಇರಲಿ. ನೆಲಕ್ಕಿಂತ ಒಂದಡಿ ಎತ್ತರದಲ್ಲಿ ನಿಲ್ಲಿಸುವ ಆಸೆ ಬೇಡ, ಅಲ್ಲಿ ತನ್ನದೇ ಗಾಳಿ ನೆಲಕ್ಕೆ ಬಡಿದು ಹೆಲಿಕಾಪ್ಟರ್ ತೇಲಾಡುತ್ತದೆ. ಒಂದೂವರೆ ಎರಡು ಮೀಟರ್ ಎತ್ತರಕ್ಕೆ ಒಯ್ದು ನಿಲ್ಲಿಸಿ. ಟೈಮರ್ ಕೂಗಿದ ಕೂಡಲೇ ಇಳಿಸಿ, ಮೋಟಾರ್ ಮುಟ್ಟಿ ಬಿಸಿ ನೋಡಿ, ಸ್ಕ್ರೂಗಳನ್ನೆಲ್ಲ ಮತ್ತೊಮ್ಮೆ ನೋಡಿ. ಎಲ್ಲ ಸರಿಯಿದ್ದರೆ ಎರಡನೇ ಬ್ಯಾಟರಿ ಹಾಕಿ.

ನಮಸ್ಕಾರ.