ಹಡಗಿನ ಮರದೊಳಗಿನ ಗಂಧಕ

ಕೇಳುಗರಿಗೆ ನಮಸ್ಕಾರ. ಎಕ್ಸ್-ರೇ ಎಂದೊಡನೆ ನಿಮಗೆ ಮುರಿದ ಮೂಳೆಯ ಚಿತ್ರ ನೆನಪಾಗುತ್ತದೆ. ದಯವಿಟ್ಟು ಸ್ವಲ್ಪ ಹೊತ್ತು ಆ ಮೂಳೆಯನ್ನು ಮರೆತುಬಿಡಿ. ವಸ್ತುವಿನಲ್ಲಿ ಯಾವ ಧಾತು ಇದೆ ಎಂದು ಹೇಳುವ ಉಪಕರಣಗಳು ಬೇಕಾದಷ್ಟಿವೆ. ಆ ಧಾತು ಯಾರ ಜೊತೆ ಕೂಡಿಕೊಂಡಿದೆ? ನಾವು ಕೇಳಬೇಕಾದ ಪ್ರಶ್ನೆ ಇದು. ವಸ್ತು ಎಕ್ಸ್-ಕಿರಣವನ್ನು ಹೇಗೆ ಹೀರಿಕೊಳ್ಳುತ್ತದೆ ಎಂದು ಅಳೆದು ಇದಕ್ಕೆ ಉತ್ತರ ಪಡೆಯಬಹುದು.

ಎಕ್ಸ್-ಕಿರಣದ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಪರಮಾಣು ಅದನ್ನು ಥಟ್ಟನೆ ಹೀರಿಕೊಳ್ಳುತ್ತದೆ. ಅದರ ಒಳಗಿನ ಎಲೆಕ್ಟ್ರಾನ್ ಕಿತ್ತುಬರುತ್ತದೆ. ಈ ಹಂತಕ್ಕೆ ಅಂಚು ಎನ್ನುತ್ತೇವೆ. ಶಕ್ತಿಯನ್ನು ಅಳೆಯುವ ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಕಬ್ಬಿಣಕ್ಕೆ ಅದು 7112, ಗಂಧಕಕ್ಕೆ ಸುಮಾರು 2472. ಆದರೆ ಗಂಧಕವನ್ನು ಆಮ್ಲಜನಕ ಸುತ್ತುವರಿದು ಸಲ್ಫೇಟ್ ಆಯಿತೋ, ಅಂಚು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಮೇಲೇರುತ್ತದೆ. ಯಾರ ಜೊತೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ!

ಸ್ವೀಡನ್ನಿನ ವಾಸಾ ಯುದ್ಧನೌಕೆಯ ಕಥೆ ಹೇಳದೆ ನಾನು ಮುಂದೆ ಹೋಗಲಾರೆ. 1628ರಲ್ಲಿ ತನ್ನ ಮೊದಲ ಯಾನದಲ್ಲೇ, ಸ್ಟಾಕ್‌ಹೋಮ್ ಬಂದರು ದಾಟುವ ಮುನ್ನವೇ ಮುಳುಗಿತು. 1961ರಲ್ಲಿ ಮೇಲೆತ್ತಿದರು. ಮರ ಸೀಳದಂತೆ ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕ ಸಿಂಪಡಿಸಿದರು, ವಸ್ತುಸಂಗ್ರಹಾಲಯ ಕಟ್ಟಿದರು. ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, 2000ದ ಸುಮಾರಿಗೆ ಹಲಗೆಗಳ ಮೇಲೆ ಬಿಳಿ, ಹಳದಿ ಕಲೆಗಳು ಎದ್ದವು. ಮುಟ್ಟಿದರೆ ಆಮ್ಲ! ಮರದ ತುಣುಕುಗಳು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಿಂಕ್ರೋಟ್ರಾನಿಗೆ, ಅಂದರೆ ಪ್ರಖರ ಎಕ್ಸ್-ಕಿರಣ ಕೊಡುವ ದೊಡ್ಡ ಯಂತ್ರಕ್ಕೆ, ಹೋದವು. ಹೊರಮೈಯಲ್ಲಿ ಸಲ್ಫೇಟ್, ಒಳಗೆ ಹೋದಂತೆ ಇನ್ನೂ ಆಮ್ಲವಾಗದ ಗಂಧಕ, ಅದೂ ರಾಶಿ ರಾಶಿ. ಬಂದರಿನ ಕೊಳಚೆ ನೀರಿನಲ್ಲಿ ಬ್ಯಾಕ್ಟೀರಿಯಾಗಳು ತಯಾರಿಸಿದ ಹೈಡ್ರೋಜನ್ ಸಲ್ಫೈಡ್ ಮೂರು ಶತಮಾನ ಮರಕ್ಕೆ ಇಳಿದಿತ್ತು. ಗಾಳಿಗೆ ಬಂದ ಮೇಲೆ ಬೋಲ್ಟುಗಳ ತುಕ್ಕು ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿಸುವ ಕೆಲಸಕ್ಕೆ ವೇಗ ಕೊಟ್ಟಿತು. ಉಳಿದ ಗಂಧಕವೂ ಹೀಗೇ ಬದಲಾದರೆ 5 ಟನ್ ಆಮ್ಲ ಆದೀತೆಂದು 2002ರಲ್ಲಿ ಲೆಕ್ಕ ಹಾಕಿದರು. ಮರದಲ್ಲಿ ಗಂಧಕವಿದೆ ಎಂದಷ್ಟೇ ತಿಳಿದಿದ್ದರೆ ಏನು ಪ್ರಯೋಜನವಿತ್ತು, ಹೇಳಿ? ಅದು ಯಾರ ಜೊತೆ ಇದೆ ಎಂದು ತಿಳಿದದ್ದರಿಂದಲೇ ಇನ್ನೆಷ್ಟು ಅಪಾಯ ಬಾಕಿಯಿದೆ ಎಂಬುದು ಗೊತ್ತಾಯಿತು.

ನನಗೆ ಕೊಟ್ಟ ಸಮಯವೆಲ್ಲ ಹಡಗಿಗೇ ಹೋಯಿತು. ಅಂಚಿನಾಚೆಯ ಸಣ್ಣ ಏರಿಳಿತಗಳಿಂದ ಪಕ್ಕದ ಪರಮಾಣು ಎಷ್ಟು ದೂರದಲ್ಲಿದೆ ಎಂದು ಅಳೆಯಬಹುದು. 1971ರಲ್ಲಿ ಸೇಯರ್ಸ್, ಸ್ಟರ್ನ್, ಲೈಟಲ್ ಎಂಬ ವಿಜ್ಞಾನಿಗಳು ಅದಕ್ಕೆ ದಾರಿ ತೋರಿದರು. ಇಂಥ ಅಳತೆಗೆ ನಮ್ಮಲ್ಲೇ, ಇಂದೋರಿನ ಇಂಡಸ್-2 ಸಿಂಕ್ರೋಟ್ರಾನಿನಲ್ಲಿ, ಸೌಲಭ್ಯವಿದೆ. ಸಂಶೋಧನಾ ವಿದ್ಯಾರ್ಥಿಗಳೇ, ನಿಮ್ಮ ಮಾದರಿ ಹರಳಾಗಿಲ್ಲವೆಂದು ಹಿಂಜರಿಯಬೇಡಿ, ಈ ವಿಧಾನಕ್ಕೆ ಹರಳೇ ಬೇಕೆಂದಿಲ್ಲ. ಮಣ್ಣು, ಗಾಜು, ದ್ರಾವಣ, ಯಾವುದಾದರೂ ಸರಿ, ಅರ್ಜಿ ಹಾಕಿ.