ಕಡಲ ಗಾಳಿಯಂತ್ರ ಮತ್ತು ಜಲಜೀವಿಗಳು: ಅಳೆಯುವುದು ಎಲ್ಲಿಂದ ಶುರು?

ಮಾನ್ಯರೇ,

ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಾಸರಗೋಡು ಕರಾವಳಿಯವರಿಗೆ ಮತ್ತಿ ಮೀನಿನ ಏರಿಳಿತ ಹೊಸದಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಆಗ ಇಲ್ಲಿನ ಕಡಲಲ್ಲಿ ಒಂದೂ ಗಾಳಿಯಂತ್ರ ಇರಲಿಲ್ಲ. ಇದ್ದಿದ್ದರೆ ತಪ್ಪೆಲ್ಲ ಅದರ ತಲೆಗೇ ಬೀಳುತ್ತಿತ್ತು. ಜಲಜೀವಿಗಳ ಮೇಲೆ ಗಾಳಿಯಂತ್ರದ ಪರಿಣಾಮವನ್ನು ಯಂತ್ರ ನೆಟ್ಟ ಮೇಲೆ ಅಳೆಯಲು ಹೊರಟವರು ಹೀಗೆಯೇ ಸಿಕ್ಕಿಬೀಳುತ್ತಾರೆ.

2024ರಲ್ಲಿ ಕೇಂದ್ರ ಸರ್ಕಾರ 1,000 ಮೆಗಾವಾಟ್ ಕಡಲ ಗಾಳಿ ವಿದ್ಯುತ್ತಿಗೆ ₹7,453 ಕೋಟಿಯ ಯೋಜನೆ ಒಪ್ಪಿತು. ಅರ್ಧ ಗುಜರಾತಿಗೆ, ಅರ್ಧ ತಮಿಳುನಾಡಿಗೆ. ನಮ್ಮ ಕಡೆಯ ಹೆಸರು ಅದರಲ್ಲಿಲ್ಲ. ಯಂತ್ರ ಬರುವ ಮುಂಚಿನ ಮೂಲ ಮಾಹಿತಿ ಕೂಡಿಸಲು ಇದಕ್ಕಿಂತ ಒಳ್ಳೆಯ ಕಾಲ ಬೇಡ.

ಯಂತ್ರ ಬರುವ ಜಾಗ, ಬಾರದ ಜಾಗ ಎರಡನ್ನೂ ಮೊದಲೂ ಆಮೇಲೂ ಅಳೆಯಬೇಕು. ಮೊದಲಿನ ಅಳತೆ ಕನಿಷ್ಠ ಎರಡು ವರ್ಷದ್ದಿರಲಿ. ಹೋಲಿಕೆಯ ಜಾಗದಲ್ಲಿ ಆಳ, ತಳದ ಮಣ್ಣು, ಮೀನುಗಾರಿಕೆಯ ಒತ್ತಡ ಮೂರೂ ಸರಿಹೊಂದಬೇಕು. ಎಡವುವುದು ಮೂರನೆಯದರಲ್ಲಿ. ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಗೊಂದು, ಈಚೆಗೊಂದು ಜಾಗ ಆರಿಸಿಕೊಂಡರೆ ಕರ್ನಾಟಕದ ಟ್ರಾಲಿಂಗ್ (ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ 61 ದಿನ, ಕೇರಳದ್ದು 52 ದಿನ. ಹೋಲಿಕೆ ಅಲ್ಲಿಗೇ ಕೆಟ್ಟಿತು. ಯಂತ್ರಗಳ ನಡುವೆ ಟ್ರಾಲ್ ದೋಣಿ ಹೋಗದಿದ್ದರೂ ಮೀನು ಹೆಚ್ಚುತ್ತದೆ, ಕಂಬಕ್ಕೆ ಪಚ್ಚಿಲೆ (ಚಿಪ್ಪುಜೀವಿ) ಹಿಡಿದು ಮೀನು ಸೇರಿದರೂ ಹೆಚ್ಚುತ್ತದೆ. ಕಂಬದಿಂದ 500 ಮೀಟರ್, 2 ಕಿ.ಮೀ., 10 ಕಿ.ಮೀ. ಎಂದು ದೂರದ ಮೇಲೆ ಅಳೆಯದೆ ಈ ಎರಡು ಕಾರಣಗಳು ಬೇರೆಯಾಗುವುದಿಲ್ಲ.

ಇನ್ನು ಸದ್ದಿನ ವಿಷಯ. ಅತಿ ಜೋರಾದ ಸದ್ದು ಯಂತ್ರ ತಿರುಗುವಾಗಿನದಲ್ಲ, ಉಕ್ಕಿನ ಕಂಬವನ್ನು ತಳಕ್ಕೆ ಬಡಿಯುವಾಗಿನದು. ಜರ್ಮನಿಯ ಮಿತಿ, ಬಡಿತದಿಂದ 750 ಮೀಟರ್ ದೂರದಲ್ಲಿ ಒಂದು ಹೊಡೆತಕ್ಕೆ 160 ಡೆಸಿಬಲ್. (ನೀರಿನ ಡೆಸಿಬಲ್ಲನ್ನು ಗಾಳಿಯದರ ಜೊತೆ ಹೋಲಿಸಿ 'ವಿಮಾನಕ್ಕಿಂತ ಜೋರು' ಎಂದು ಬರೆಯುವುದು ತಪ್ಪು, ಎರಡನ್ನೂ ಅಳೆಯುವ ಆಧಾರ ಒತ್ತಡವೇ ಬೇರೆ.) ಕಂಬದ ಸುತ್ತ ತೂತಿನ ಪೈಪು ಹಾಸಿ ಕಂಪ್ರೆಸರಿನಿಂದ ಗಾಳಿ ಬಿಟ್ಟರೆ ಸದ್ದು ತಗ್ಗಿಸುವ ಗುಳ್ಳೆಗಳ ಪರದೆ ಏಳುತ್ತದೆ. ಸದ್ದು 10 ಡೆಸಿಬಲ್ ಇಳಿದರೂ ಶಕ್ತಿ ಹತ್ತರಲ್ಲೊಂದು ಪಾಲು ಆದಂತೆ. ನೀರಿನ ಸೆಳೆತ ಜೋರಾದರೆ ಪರದೆ ವಾಲಿ ಸಂದು ಬೀಳುತ್ತದೆ.

ನಮ್ಮ ಕಡಲಲ್ಲಿ ಬೆನ್ನುರೆಕ್ಕೆಯಿಲ್ಲದ ಪೋರ್ಪಸ್ (ಡಾಲ್ಫಿನ್‌ನ ನಂಟಿನ ಪ್ರಾಣಿ) ಇದೆ. ಮೇಲೆದ್ದರೂ ಕಣ್ಣಿಗೆ ಬೀಳುವುದು ಕಷ್ಟ, ಹಾಗಾಗಿ ಕಿವಿಯಿಂದಲೇ ಹುಡುಕಬೇಕು. ಅದರ ಟಿಕ್ ಸದ್ದು ಸುಮಾರು 130 ಕಿಲೋಹರ್ಟ್ಸ್; ಕೆಲವೇ ನೂರು ಮೀಟರಿನಲ್ಲಿ ಅಡಗುತ್ತದೆ. ಸೆಕೆಂಡಿಗೆ 3,84,000 ಮಾದರಿಯಂತೆ 16 ಬಿಟ್‌ನಲ್ಲಿ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ 66 ಜಿಬಿ ತುಂಬುತ್ತದೆ. ಅದಕ್ಕೇ ಟಿಕ್‌ನ ವಿವರ ಮಾತ್ರ ಬರೆದಿಡುವ ಉಪಕರಣ ವಾಸಿ. ಆದರೆ ಇಕ್ಕುಳದಂಥ ಕೈ ಪಟಪಟಿಸುವ ಸಿಗಡಿಗಳ ಸದ್ದು ಅದರ ಮೆಮೊರಿಯನ್ನೂ ತಿಂದುಹಾಕುತ್ತದೆ. ಹೈಡ್ರೋಫೋನಿಗೆ (ನೀರೊಳಗಿನ ಮೈಕ್) ಚಿಪ್ಪುಜೀವಿ ಅಂಟುತ್ತದೆ, ಟ್ರಾಲ್ ಬಲೆ ಲಂಗರನ್ನೇ ಎಳೆದೊಯ್ಯುತ್ತದೆ, ಮಳೆಗಾಲದಲ್ಲಿ ಬ್ಯಾಟರಿ ಬದಲಿಸಲು ದೋಣಿ ಇಳಿಸುವಂತಿಲ್ಲ. ಉಪಕರಣ ಸತ್ತ ದಿನಗಳಿಗೆ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ. ಸೊನ್ನೆ ಎಂದರೆ ಪ್ರಾಣಿ ಬಂದಿಲ್ಲ ಎಂದರ್ಥ.

ಹಕ್ಕಿಗಳ ಲೆಕ್ಕಕ್ಕೆ ರೇಡಾರ್, ಕ್ಯಾಮೆರಾ ಬೇಕು. ಯಂತ್ರದ ರೆಕ್ಕೆಗೆ ಬಡಿದು ಸತ್ತದ್ದು ನೀರುಪಾಲಾಗುತ್ತದೆ, ಹೆಣ ಎಣಿಸುವಂತಿಲ್ಲ.

ಇಲ್ಲಿನ ದೋಣಿಯವರು ಇಂದಿನಿಂದಲೇ ಮಾಡಬಹುದಾದ ಕೆಲಸವೊಂದಿದೆ. ಎಷ್ಟು ಬುಟ್ಟಿ ಮೀನು ಎಂಬುದರ ಪಕ್ಕದಲ್ಲಿ ಬಲೆ ನೀರಲ್ಲಿದ್ದ ಗಂಟೆ, ಆಳ, ಜಿಪಿಎಸ್ ಸ್ಥಾನ ಬರೆಯಿರಿ. ಬರಿಗೈಯಲ್ಲಿ ಬಂದ ದಿನವನ್ನೂ ಬಿಡಬೇಡಿ.